ನಿಂಗೆ ಹೇಳಿ ಏನ್ ಮಾಡೋದಿತ್ತು?

ಹೋದ ಗುರುವಾರ ಮೀಟಿಂಗ್‌ನಲ್ಲಿ ಕೂತಿದ್ದಾಗ ಸಂಡೂರಿನ ಚಿಕ್ಕಪ್ಪನ ಮಗನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಹನ್ನೊಂದೇ ಸೆಕೆಂಡು. "ಅಣ್ಣ, ಆಫರ್ ಲೆಟರ್ ಬಂತು. ಜರ್ಮನಿನೇ. ಹೋಗ್ಲಾ, ಬ್ಯಾಡಾ? ಅಪ್ಪಗಿನ್ನೂ ಹೇಳಿಲ್ಲ."

ಅವನು ನಾಲ್ಕು ವರ್ಷದಿಂದ ಬೆಂಗಳೂರಲ್ಲಿದ್ದಾನೆ. ಮಾರತ್ತಹಳ್ಳಿಯಲ್ಲಿ ಪಿಜಿ, ಟೆಸ್ಟಿಂಗ್ ಕೆಲಸ. ನಾನು ಹೊಸಪೇಟೆಯವನು. ಆರು ವರ್ಷ ಬೆಂಗಳೂರಲ್ಲಿ ಕೋಡ್ ಬರೆದು, 2022ರ ಅಕ್ಟೋಬರ್‌ನಲ್ಲಿ ಸ್ಟುಟ್‌ಗಾರ್ಟ್‌ಗೆ ಬಂದೆ. ನಮ್ಮ ಮನೆತನದಲ್ಲಿ ಪಾಸ್‌ಪೋರ್ಟ್ ಮೇಲೆ ಸೀಲು ಹಾಕಿಸಿಕೊಂಡ ಮೊದಲನೆಯವನು ನಾನೇ ಆದ್ದರಿಂದ ಇಂಥ ಪ್ರಶ್ನೆಗಳೆಲ್ಲ ನನಗೇ ಬರುತ್ತವೆ. ಮೂರು ಸಲ ಟೈಪ್ ಮಾಡಿದೆ, ಮೂರು ಸಲ ಅಳಿಸಿದೆ. ಕೊನೆಗೆ "ಭಾನುವಾರ ಫೋನ್ ಮಾಡ್ತೀನಿ" ಅಂತಷ್ಟೇ ಕಳಿಸಿದೆ. ಆ ಫೋನಿಗೆ ಮುಂಚೆ ತಲೆಯಲ್ಲಿ ಓಡಿದ್ದನ್ನೆಲ್ಲ ಇಲ್ಲಿ ಬರೀತಾ ಇದ್ದೀನಿ. ನಿಮ್ಮಲ್ಲೂ ಎಷ್ಟೋ ಜನ ಇದೇ ಲೆಕ್ಕದಲ್ಲಿ ಇರಬಹುದು.

ಸುಲಭದ್ದು ಮೊದಲು ಮುಗಿಸ್ತೀನಿ. ದುಡ್ಡು ಮತ್ತು ವೀಸಾ. ಅಮೆರಿಕದ ಬಾಗಿಲು ಈಗ ನಮ್ಮಂಥವರಿಗೆ ಹೇಗಿದೆ ಅಂತ ಗೊತ್ತೇ ಇದೆ. ವರ್ಷಕ್ಕೆ 85,000 ಎಚ್1ಬಿ, ಅದಕ್ಕೂ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕದ ಘೋಷಣೆಯೂ ಬಂತು. ಒಳಗೆ ಹೋದವರಿಗೂ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರೋದರಿಂದ ಭಾರತದವರ ಸಾಲು ಮುಂದಕ್ಕೆ ಸರಿಯೋದೇ ಇಲ್ಲ. ಜರ್ಮನಿಯಲ್ಲಿ ಲಾಟರಿ ಇಲ್ಲ. ಡಿಗ್ರಿ, ಆಫರ್, ನಿಗದಿ ಮಾಡಿದಷ್ಟು ಸಂಬಳ ಇದ್ದರೆ ಬ್ಲೂ ಕಾರ್ಡ್. ಐಟಿಯಂಥ ಜನ ಸಾಲದ ಕೆಲಸಗಳಿಗೆ 2025ರಲ್ಲಿ ಆ ಮಿತಿ ವರ್ಷಕ್ಕೆ 43,759 ಯೂರೋ ಚಿಲ್ಲರೆ ಇತ್ತು. ಜರ್ಮನ್ ಭಾಷೆಯಲ್ಲಿ ಬಿ1 ಪಾಸಾದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ, ಬರೀ ಎ1 ಇದ್ದರೆ 27 ತಿಂಗಳು.

ಸಂಬಳ ಕೇಳಿ ಹಾರಾಡಬೇಡಿ. ತಿಂಗಳಿಗೆ 5,000 ಯೂರೋ ಅಂತ ಆಫರ್ ಲೆಟರ್‌ನಲ್ಲಿದ್ದರೆ, ಮದುವೆಯಾಗದವನ ಕೈಗೆ ತೆರಿಗೆ, ಪಿಂಚಣಿ, ವಿಮೆ ಎಲ್ಲಾ ಕಳೆದು ಬರೋದು ಸುಮಾರು 3,200. ಅದರಲ್ಲಿ ನನ್ನ ಒಂದು ರೂಮಿನ ಮನೆಗೆ 950 ಹೋಗುತ್ತದೆ. ಉಳಿದದ್ದನ್ನು ನೂರರಿಂದ ಗುಣಿಸಿ ರೂಪಾಯಿ ಮಾಡಿಕೊಂಡು ಖುಷಿಪಡೋ ಚಟ ಮೊದಲ ಆರು ತಿಂಗಳು ಎಲ್ಲರಿಗೂ ಇರುತ್ತದೆ. ಆಮೇಲೆ ಒಂದು ದಿನ ಕಟಿಂಗ್ ಶಾಪ್‌ನಲ್ಲಿ 30 ಯೂರೋ ಕೊಟ್ಟಾಗ ತಾನಾಗೇ ಬಿಟ್ಟುಹೋಗುತ್ತದೆ.

ಹೊಂದಿಕೊಳ್ಳೋದು? ಅದೂ ಆಗುತ್ತದೆ, ಸ್ವಲ್ಪ ನಗೆಪಾಟಲಾಗಿ. ನಾನು ಮನೆ ಹಿಡಿದಾಗ ಅಡುಗೆಮನೆಯಲ್ಲಿ ನಲ್ಲಿ ಪೈಪು ಬಿಟ್ಟರೆ ಏನೂ ಇರಲಿಲ್ಲ. ಒಲೆ, ಸಿಂಕು, ಕಪಾಟು ಎಲ್ಲವನ್ನೂ ಹಳೇ ಬಾಡಿಗೆಯವರು ಕಿತ್ತುಕೊಂಡು ಹೋಗಿದ್ದರು. ಇಲ್ಲಿ ಅದು ಮಾಮೂಲಿಯಂತೆ. ಮೂರು ವಾರ ಕರೆಂಟ್ ಕೆಟಲ್‌ನಲ್ಲಿ ಉಪ್ಪಿಟ್ಟು ಮಾಡಿಕೊಂಡಿದ್ದೀನಿ. ಆಮೇಲೆ ಈ ಸೀಮೆಯಲ್ಲಿ 'ಕೇರ್‌ವೊಖೆ' ಅಂತ ಒಂದಿದೆ. ಕಟ್ಟಡದ ಮೆಟ್ಟಿಲು, ಅಂಗಳವನ್ನು ಬಾಡಿಗೆಯವರೇ ವಾರಕ್ಕೊಬ್ಬರಂತೆ ಗುಡಿಸಿ ಒರೆಸಬೇಕು. ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಬೋರ್ಡು ನೇತುಬೀಳುತ್ತದೆ. ವೀಡಿಯೋ ಕಾಲ್‌ನಲ್ಲಿ ಅಮ್ಮ ಇದನ್ನು ನೋಡಿ, "ಇಲ್ಲಿದ್ದಾಗ ನಿನ್ನ ರೂಮಿನ ಕಸ ಗುಡಿಸು ಅಂದ್ರೆ ಗುಡಿಸಲಿಲ್ಲ" ಅಂತ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಿದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ನಮ್ಮೂರಿನ ಬಿಸಿಲಿಗೆ ಬೈದುಕೊಂಡೇ ಬೆಳೆದವನು ನಾನು. ಇಲ್ಲಿನ ಮೊದಲ ಚಳಿಗಾಲದಲ್ಲಿ ಬಿಸಿಲು ಬಿದ್ದ ಕಡೆಗೆಲ್ಲ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ.

ಭಾಷೆಯದೇ ದೊಡ್ಡ ಕಷ್ಟ. ಮೇಜು ಗಂಡಸು, ಬಾಗಿಲು ಹೆಂಗಸು ಅಂತ ಬಾಯಿಪಾಠ ಮಾಡೋಕೆ ನನಗೆ ಒಂದೂವರೆ ವರ್ಷ ಬೇಕಾಯಿತು. ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಟ್ಯೂಬಿಂಗೆನ್ ಸಿಗುತ್ತದೆ. ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ 1903ರಲ್ಲಿ ತೀರಿಕೊಂಡಿದ್ದು ಆ ಊರಲ್ಲೇ. 1853ರಲ್ಲಿ ನಮ್ಮ ಕಡೆ ಬಂದಾಗ ಅವರಿಗೆ 21 ವರ್ಷ, ನಿಘಂಟು ಅಚ್ಚಾದಾಗ 62. ಬಿ1 ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದ ವಾರ ನಾನು ಆ ಊರಿಗೆ ಹೋಗಿ ಸುಮ್ಮನೆ ಓಡಾಡಿಕೊಂಡು ಬಂದೆ. ಯಾಕೋ ಹೋಗಬೇಕು ಅನ್ನಿಸಿತ್ತು.

ಇಷ್ಟನ್ನೂ ಯೂಟ್ಯೂಬ್‌ನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ತಮ್ಮನಿಗೆ ನಾನು ಹೇಳಬೇಕಾಗಿದ್ದು ಬೇರೆ.

ಅದಕ್ಕೆ ಮುಂಚೆ ಒಂದು ಮಾತು. "ಊರು ಬಿಟ್ಟು ಹೋಗೋದಾ" ಅಂತ ಈಗ ಕೇಳೋ ನಾವು ಊರು ಬಿಟ್ಟು ಆಗಲೇ ಎಷ್ಟೋ ವರ್ಷ ಆಗಿರುತ್ತದೆ. ನಾನು ಬಿಟ್ಟಿದ್ದು 2016ರಲ್ಲಿ, ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ ರಾತ್ರಿ. ನಮ್ಮ ಕಡೆ ಬಿತ್ತನೆ ಕೈಕೊಟ್ಟರೆ ಸಂಸಾರ ಕಟ್ಟಿಕೊಂಡು ಕೆಲಸ ಹುಡುಕಿ ಹೋಗೋದಕ್ಕೆ ಗುಳೆ ಅಂತಾರೆ. ಸಂಡೂರು ತಾಂಡಾಗಳಿಂದ ಕಬ್ಬು ಕಡಿಯೋಕೆ ಹೋಗುವವರ ಗಾಡಿ ನೋಡುತ್ತಲೇ ಬೆಳೆದವರು ನಾವು. ಅವರಾದರೂ ಹಬ್ಬಕ್ಕೆ ವಾಪಸ್ ಬರುತ್ತಾರೆ. ನಮ್ಮದು ಲ್ಯಾಪ್‌ಟಾಪ್ ಬ್ಯಾಗು ಹಾಕ್ಕೊಂಡ ಗುಳೆ.

ಅಜ್ಜಿಯ ತವರು ನಾರಾಯಣದೇವರಕೆರೆ. 1953ರ ಹೊತ್ತಿಗೆ ಅಣೆಕಟ್ಟಿನಲ್ಲಿ ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಿದವು, 54,000ಕ್ಕೂ ಹೆಚ್ಚು ಜನ ಜಾಗ ಬಿಟ್ಟರು. ಅದರಲ್ಲಿ ಅವಳ ಊರೂ ಒಂದು. ಅವಳ ಅಪ್ಪ ಎಲ್ಲರ ಜೊತೆ ಮರಿಯಮ್ಮನಹಳ್ಳಿಗೆ ಬಂದರು. ಅದೇ ನೀರು ಕಾಲುವೆಗೆ ಬಂದ ಮೇಲೆ ಕಂಪ್ಲಿ, ಗಂಗಾವತಿ ಕಡೆ ಆಂಧ್ರದ ಕರಾವಳಿಯಿಂದ ರೈತರು ಬಂದು ಭೂಮಿ ಕೊಂಡು ಕ್ಯಾಂಪು ಕಟ್ಟಿಕೊಂಡರು. ಕಂಪ್ಲಿ ಹತ್ತಿರ ನಮ್ಮ ನಾಲ್ಕು ಎಕರೆ ಗದ್ದೆಯ ಪಕ್ಕದ್ದು ಅಂಥ ಒಂದು ಕ್ಯಾಂಪಿನ ತಾತನದು. ಅವರ ಅಪ್ಪ ಗುಂಟೂರು ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದವರಂತೆ, ಮೊಮ್ಮಗ ಈಗ ಟೆಕ್ಸಾಸ್‌ನಲ್ಲಿದ್ದಾನೆ. ಹೀಗಾಗಿ ನಮ್ಮ ಕಡೆ ಊರು ಬಿಡೋದು, ಇನ್ನೊಂದು ಊರಿಗೆ ಬರೋದು ದೊಡ್ಡ ಸುದ್ದಿಯೇನಲ್ಲ.

ಹಾಗಾದರೆ ಬೆಂಗಳೂರಿಗೂ ಸ್ಟುಟ್‌ಗಾರ್ಟ್‌ಗೂ ನಿಜವಾದ ವ್ಯತ್ಯಾಸ ಏನು? ನನ್ನ ಮಟ್ಟಿಗೆ ಅದು ಒಂದು ರಾತ್ರಿಯ ರೈಲು. ಬೆಂಗಳೂರಲ್ಲಿದ್ದಾಗ ಮನೆಯಿಂದ ಫೋನ್ ಬಂದರೆ ರಾತ್ರಿ ಹತ್ತಿ, ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ಸ್ಟೇಷನ್ ಹೊರಗೆ ಒಗ್ಗಾಣಿ ಮಿರ್ಚಿ ತಿಂದು ಮನೆಗೆ ಹೋಗಬಹುದಿತ್ತು. ಹೋಗುತ್ತಿದ್ದೆನೋ ಇಲ್ಲವೋ, ಹೋಗಬಹುದಿತ್ತು. ಅದು ಮನೆಯವರಿಗೂ ಗೊತ್ತಿತ್ತು. ಅವರಿಗೆ ಅದು ಗೊತ್ತಿರೋದು ಎಷ್ಟು ಮುಖ್ಯ ಅಂತ ನನಗೆ ತಿಳಿದಿದ್ದು 2024ರ ಆಗಸ್ಟ್‌ನಲ್ಲಿ.

ಆಗಸ್ಟ್ 10, ಶನಿವಾರ. ಇಲ್ಲಿ ಸಂಜೆ ಏಳೂವರೆ, ಇನ್ನೂ ಬೆಳಕಿತ್ತು. ಅಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಮಳೆಗಾಲ, ಡ್ಯಾಮು ತುಂಬಿತ್ತು. ಒಂದೇ ಕಡೆಯಿಂದ ನುಗ್ಗುವ ನೀರಿನ ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ತೆಗೆದರು, ಹೊಳೆಗೆ ಲಕ್ಷದ ಹತ್ತಿರ ಕ್ಯೂಸೆಕ್ ನೀರು. ನನ್ನ ಫೋನಿಗೆ ವಾಟ್ಸಾಪ್‌ನಲ್ಲಿ ಒಂದೇ ವೀಡಿಯೋ ಹದಿನಾಲ್ಕು ಗುಂಪುಗಳಿಂದ ಬಂತು. ಕತ್ತಲಲ್ಲಿ ನೀರಿನ ಸದ್ದು, ಯಾರೋ ಕೂಗುತ್ತಿರೋದು, ಅಷ್ಟೇ. ಡ್ಯಾಮೇ ಒಡೆದಿದೆ ಅಂತ ಒಬ್ಬ, ಕಂಪ್ಲಿ ಮುಳುಗಿತು ಅಂತ ಇನ್ನೊಬ್ಬ.

ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿದರು. "ಏನಿಲ್ಲಪ್ಪ, ಎಲ್ಲಾ ಆರಾಮ. ಅಪ್ಪ ಕಂಪ್ಲಿ ಮನೇಲಿ ಮಲಗ್ಯಾರೆ. ನೀನು ಊಟ ಮಾಡು."

ಅಪ್ಪ ಮಲಗಿರಲಿಲ್ಲ. ಅವರು ನೌಕರಿಯಿಂದ ನಿವೃತ್ತರಾದ ಮೇಲೆ ನಾಟಿ ಹೊತ್ತಲ್ಲಿ ಕಂಪ್ಲಿಯ ಹಳೇ ಮನೆಯಲ್ಲೇ ಇರುತ್ತಾರೆ. ಹೊಳೆ ದಂಡೆಯಲ್ಲಿ ನಮ್ಮ ಪಂಪ್‌ಸೆಟ್ ಇದೆ. ಜುಲೈ ಕೊನೆಗೆ ಹೊಳೆ ಬಂದಾಗ ಮೋಟರ್ ಬಿಚ್ಚಿ ಮೇಲೆ ಇಟ್ಟಿದ್ದರು. ನೀರು ಇಳಿದ ಮೇಲೆ, ಅಂದರೆ ವಾರದ ಹಿಂದಷ್ಟೇ ಮತ್ತೆ ಕೂರಿಸಿದ್ದರು. ಸುದ್ದಿ ಕೇಳಿದ ತಕ್ಷಣ ಬ್ಯಾಟರಿ ಹಿಡಿದು ಹೊರಟಿದ್ದಾರೆ. ಜೊತೆಗೆ ಕ್ಯಾಂಪಿನ ತಾತ. ಒಬ್ಬರಿಗೆ 63, ಇನ್ನೊಬ್ಬರಿಗೆ 70ರ ಮೇಲೆ. ಮೋಟರ್ ಬಿಚ್ಚಿದರು, ಇಬ್ಬರೂ ಹಿಡಿದು ದಂಡೆ ಹತ್ತುವಾಗ ಅಪ್ಪನ ಕಾಲು ಕೆಸರಲ್ಲಿ ಜಾರಿ, ಪಾದದ ಕೀಲಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು. ತಾತನೇ ತಮ್ಮ ಕ್ಯಾಂಪಿನ ಹುಡುಗರನ್ನು ಎಬ್ಬಿಸಿ, ಬೆಳಗಾಗೋದರೊಳಗೆ ಹೊಸಪೇಟೆಗೆ ಕರೆದುಕೊಂಡು ಬಂದು ಪ್ಲಾಸ್ಟರ್ ಹಾಕಿಸಿದರು.

ಇದು ಯಾವುದೂ ನನಗೆ ಗೊತ್ತಿಲ್ಲ. ಆ ವಾರ ಪೂರ್ತಿ ನಾನು ಇಲ್ಲಿ ಆಫೀಸಿನಲ್ಲಿ ಎರಡನೇ ಸ್ಕ್ರೀನ್‌ನಲ್ಲಿ ಕನ್ನಡ ನ್ಯೂಸ್ ಚಾನೆಲ್ ಹಾಕಿಕೊಂಡು ಕೂತಿದ್ದೆ. ಡ್ಯಾಮಿನ ನೀರು ದಿನಾ ಎಷ್ಟು ಟಿಎಂಸಿ ಖಾಲಿಯಾಯಿತು ಅಂತ ಲೆಕ್ಕ ಹಾಕುತ್ತಿದ್ದೆ. ಎರಡನೇ ಬೆಳೆ ಕಥೆ ಮುಗೀತು ಅಂತ ಎಲ್ಲರೂ ಅನ್ನುತ್ತಿದ್ದರು. ಕನ್ನಯ್ಯ ನಾಯ್ಡು ಬಂದರು. ಹಿಂದೆ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿ ಕೆಲಸ ಮಾಡಿದ್ದ, ಗೇಟುಗಳ ವಿಷಯದಲ್ಲಿ ಪಳಗಿದ ಹಿರಿಯ ಇಂಜಿನಿಯರ್. ನೀರು ಹರಿಯುತ್ತಿರುವಾಗಲೇ ತುಂಡು ತುಂಡಾಗಿ ಸ್ಟಾಪ್‌ಲಾಗ್ ಇಳಿಸಬಹುದು ಅಂದರು. ಆಗಸ್ಟ್ 16ರ ರಾತ್ರಿ ಮೊದಲ ತುಂಡು ಕೂತಿತು, 17ಕ್ಕೆ ಪೂರ್ತಿ ನಿಂತಿತು. ನನ್ನ ಟೀಮಿನ ಜರ್ಮನ್ ಗೆಳೆಯನಿಗೆ ಆ ವೀಡಿಯೋ ತೋರಿಸಿ ಅದೆಷ್ಟು ಹೊತ್ತು ಮಾತಾಡಿದೆ ಅಂದರೆ, ಅವನು ಪಾಪ ಕಾಫಿ ತಣ್ಣಗಾದರೂ ಕೇಳಿಸಿಕೊಂಡ.

ಆ ಶನಿವಾರ ಮನೆಯವರೆಲ್ಲ ವೀಡಿಯೋ ಕಾಲ್‌ನಲ್ಲಿದ್ದೆವು. ವಾರದಿಂದ ಅಪ್ಪನ ಮುಖ, ಎದೆ ಮಾತ್ರ ಕಾಣುತ್ತಿತ್ತು. ನನಗೆ ಅನುಮಾನವೇ ಬಂದಿರಲಿಲ್ಲ. ಅಕ್ಕನ ಐದು ವರ್ಷದ ಮಗಳು ಫೋನ್ ಕಿತ್ತುಕೊಂಡು, "ಮಾಮಾ, ತಾತನ ಬಿಳಿ ಬೂಟು ನೋಡು" ಅಂತ ಕೆಳಗೆ ತಿರುಗಿಸಿದಳು.

ಯಾರೂ ಮಾತಾಡಲಿಲ್ಲ. ಆಮೇಲೆ ನಾನು ಕೂಗಾಡಿದೆ. ಅಮ್ಮ ಕೇಳಿದ್ದು ಒಂದೇ. "ನಿಂಗೆ ಹೇಳಿ ಏನ್ ಮಾಡೋದಿತ್ತು?"

ಅವರು ಚುಚ್ಚೋಕೆ ಹೇಳಿದ್ದಲ್ಲ. ನಿಜವಾಗಲೂ ಅವರಿಗೆ ಗೊತ್ತಾಗಲಿಲ್ಲ, ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ. ಇಲ್ಲಿಂದ ಫ್ರಾಂಕ್‌ಫರ್ಟ್‌ಗೆ ರೈಲು, ಅಲ್ಲಿಂದ ಬೆಂಗಳೂರಿಗೆ ಒಂಬತ್ತು ಗಂಟೆ ವಿಮಾನ, ಮತ್ತೆ ರಾತ್ರಿ ರೈಲು. ಎಲ್ಲಾ ಸರಿಯಾಗಿ ಸಿಕ್ಕರೂ ಒಂದೂವರೆ ದಿನ. ಅಷ್ಟರಲ್ಲಿ ಪ್ಲಾಸ್ಟರ್ ಒಣಗಿರುತ್ತದೆ. ಮ್ಯಾನೇಜರ್ ಹೋಗಿ ಬಾ ಅಂದಳು. ಅಪ್ಪ ಬರಬೇಡ, ದುಡ್ಡು ದಂಡ ಅಂದರು. ನಾನು ಹೋಗಲಿಲ್ಲ, ಡಿಸೆಂಬರ್‌ನಲ್ಲಿ ಹೋದೆ. ಆಗ ಹೋಗಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಪರದೇಶಕ್ಕೆ ಹೋದವರಿಗೆ ಮನೆಯಿಂದ ಬರೋ ಸುದ್ದಿ ಸೋಸಿ ಬರುತ್ತದೆ. ತಪ್ಪು ಅವರದಷ್ಟೇ ಅಂತ ಹೇಳೋ ಹಾಗೂ ಇಲ್ಲ. 2023ರ ಚಳಿಗಾಲದಲ್ಲಿ ನಮ್ಮ ಟೀಮಿನಲ್ಲಿ ಅರ್ಧ ಜನರನ್ನು ತೆಗೆದಾಗ ನನ್ನ ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ ಅಂತ ಎರಡು ತಿಂಗಳು ಗೊತ್ತಿರಲಿಲ್ಲ. ಕೆಲಸ ಹೋದರೆ ವೀಸಾ ಏನಾಗುತ್ತದೆ ಅಂತ ರಾತ್ರಿಯೆಲ್ಲ ಓದುತ್ತಿದ್ದೆ. ಭಾನುವಾರ ಮನೆಗೆ ಫೋನ್ ಮಾಡಿ, ಕಿಟಕಿ ತೋರಿಸಿ, "ಹಿಮ ಬಿದ್ದೈತೆ ನೋಡಿ" ಅನ್ನುತ್ತಿದ್ದೆ. ಅವರಿಗೂ ನಾನು ಎದೆಯಿಂದ ಮೇಲಷ್ಟೇ ಕಾಣುತ್ತಿದ್ದೆ.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಕ್ಕನ ಜೊತೆ ಕೂತು ಮಾತಾಡಿದೆ. ಹೋಗೋ ಮುಂಚೆಯೇ ಆಡಬೇಕಿದ್ದ ಮಾತು. ಅಕ್ಕ ಹೊಸಪೇಟೆಯಲ್ಲೇ ಇದ್ದಾಳೆ, ಅಂದರೆ ನಾನು ಮಾಡದ ಕೆಲಸವನ್ನೆಲ್ಲ ಅವಳೇ ಮಾಡುತ್ತಿದ್ದಾಳೆ. ಆಸ್ಪತ್ರೆ, ಬ್ಯಾಂಕು, ಗೊಬ್ಬರದ ಅಂಗಡಿ ಬಾಕಿ. ಯಾರೂ ಅವಳನ್ನು ಕೇಳಿರಲಿಲ್ಲ. "ನೀ ಹೋಗಾಕೆ ಪರ್ಮಿಷನ್ ಕೊಟ್ಟಿದ್ದು ಅಪ್ಪ ಅಮ್ಮ, ಡ್ಯೂಟಿ ಬಿದ್ದಿದ್ದು ನಂಗೆ" ಅಂದಳು. ನಗುತ್ತಲೇ ಅಂದಳು, ಆದರೆ ಅಂದಳು. ಅವಳ ಖಾತೆಯಲ್ಲಿ ಎರಡು ಲಕ್ಷ ಯಾವಾಗಲೂ ಇರುವಂತೆ ಇಟ್ಟೆ. ನನ್ನನ್ನು ಕೇಳದೆ ಖರ್ಚು ಮಾಡು, ಲೆಕ್ಕ ಬೇಡ ಅಂದೆ. ಊರಿನ ವ್ಯವಹಾರಕ್ಕೆ ಅವಳ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದು ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್‌ನಲ್ಲಿ ಅಟೆಸ್ಟ್ ಮಾಡಿಸಿ ಕಳಿಸಿದೆ. ಮತ್ತೆ, ಏನೇ ಆದರೂ ಅದೇ ದಿನ ಹೇಳಬೇಕು, ನಾನೂ ಹೇಳಬೇಕು. ಈ ಕೊನೆಯದನ್ನು ಇಬ್ಬರೂ ಎರಡು ಸಲ ಮುರಿದಿದ್ದೀವಿ.

ಗದ್ದೆಯ ವಿಷಯ ಬೇರೆ. ಕ್ಯಾಂಪಿನ ತಾತ ತಮ್ಮದೊಂದು ಎಕರೆ ಮಾರುತ್ತೀನಿ ಅಂದಾಗ ಅಪ್ಪ ಅದನ್ನು ನನ್ನ ಹೆಸರಿಗೆ ಮಾಡಿಸಬೇಕು ಅಂತ ಆಸೆಪಟ್ಟರು. ಆಗ ಗೊತ್ತಾಗಿದ್ದು: ಎನ್‌ಆರ್‌ಐ ಆದವನು ಭಾರತದಲ್ಲಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಅಪ್ಪನಿಂದ ವಾರಸುದಾರಿಕೆಯಲ್ಲಿ ಬರಬಹುದು, ದುಡ್ಡು ಕೊಟ್ಟು ತಗೊಳ್ಳೋಕೆ ಆಗಲ್ಲ. ನಾಳೆ ಜರ್ಮನ್ ಪೌರತ್ವ ತಗೊಂಡು ಓಸಿಐ ಕಾರ್ಡ್ ಮಾಡಿಸಿಕೊಂಡರೂ ಇದೇ ಕಥೆ. ಜರ್ಮನಿ 2024ರ ಜೂನ್‌ನಿಂದ ಐದು ವರ್ಷಕ್ಕೆ ಪೌರತ್ವ ಕೊಡುತ್ತದೆ, ಹಳೇದನ್ನು ಬಿಡು ಅನ್ನೋದಿಲ್ಲ. ಬಿಡು ಅನ್ನೋದು ನಮ್ಮ ದೇಶ. ನನ್ನ ಐದು ವರ್ಷ 2027ಕ್ಕೆ ತುಂಬುತ್ತದೆ. ಏನು ಮಾಡುತ್ತೀನೋ ಇನ್ನೂ ತೀರ್ಮಾನ ಮಾಡಿಲ್ಲ. ಆ ಎಕರೆಯನ್ನು ಅಪ್ಪ ತಮ್ಮ ಹೆಸರಿಗೇ ಮಾಡಿಸಿಕೊಂಡರು. ನೋಂದಣಿ ದಿನ ಫೋನ್ ಮಾಡಿ, "ಕಾಲು ಎಕರೆ ಕಮ್ಮಿನೇ ಬಂತು ಅಳತೆಯಾಗ" ಅಂದರು. ಅದೇ ದಿನ ಹೇಳಿದರು, ನೋಡಿ.

ಭಾನುವಾರ ತಮ್ಮನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಹೋಗು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮೊದಲು ಅಪ್ಪನಿಗೆ ಹೇಳು ಅಂದೆ. ಚಿಕ್ಕಪ್ಪನಿಗೆ ಅವನು ಹೆದರೋಕೆ ಕಾರಣ ಇದೆ. ಗಣಿ ಜೋರಾಗಿದ್ದ ಕಾಲದಲ್ಲಿ ಸಂಡೂರಿನ ಅರ್ಧ ಜನ ಸಾಲ ಮಾಡಿ ಟಿಪ್ಪರ್ ತಗೊಂಡಿದ್ದರು, ಚಿಕ್ಕಪ್ಪನೂ ಒಂದು ತಗೊಂಡಿದ್ದರು. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಟಿಪ್ಪರ್ ಮನೆ ಮುಂದೆ ಎರಡು ಮಳೆಗಾಲ ನಿಂತು ತುಕ್ಕು ಹಿಡಿಯಿತು. ಬಡ್ಡಿ ನಿಲ್ಲಲಿಲ್ಲ. ಆಗ ತಮ್ಮ ಇನ್ನೂ ಹೈಸ್ಕೂಲಿನಲ್ಲಿದ್ದ. ಅಂದಿನಿಂದ ಚಿಕ್ಕಪ್ಪನಿಗೆ ಜೋರಾಗಿ ನಡೀತಿರೋ ಯಾವ ಕೆಲಸದ ಮೇಲೂ ನಂಬಿಕೆ ಇಲ್ಲ.

ಸೋಮವಾರ ರಾತ್ರಿ ಚಿಕ್ಕಪ್ಪನೇ ನನಗೆ ಫೋನ್ ಮಾಡಿದರು. ಸಂಬಳ ಕೇಳಲಿಲ್ಲ, ಚಳಿ ಎಷ್ಟು ಅಂತ ಕೇಳಲಿಲ್ಲ.

"ಅಲ್ಲಿ ಕೆಲಸ ನಿಂತ್ರೆ ಎಷ್ಟು ದಿನ ಇಟ್ಕೊತಾರಪ್ಪ?"

ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇರೆ ಕೆಲಸ ಹುಡುಕೋಕೆ ಬಿಡುತ್ತಾರೆ, ಒಂದು ವರ್ಷ ವಿಮೆ ಕಟ್ಟಿದ್ದರೆ ಕೈಗೆ ಬರುತ್ತಿದ್ದ ಸಂಬಳದ ಶೇ. 60ರಷ್ಟು ಕೆಲವು ತಿಂಗಳು ಸರ್ಕಾರದಿಂದ ಬರುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾದ್ರೆ ಟಿಪ್ಪರ್‌ಗಿಂತ ವಾಸಿ ಐತೆ" ಅಂದರು. ಆಮೇಲೆ, "ಇವನಿಗೆ ಅಕ್ಕ ಇಲ್ಲಲ್ಲಪ್ಪ" ಅಂದರು.

ತಮ್ಮ ಒಬ್ಬನೇ ಮಗ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂಪನಿಯವರು ಅವನಿಗೆ ಈ ಶುಕ್ರವಾರದವರೆಗೆ ಟೈಮ್ ಕೊಟ್ಟಿದ್ದಾರೆ. ನಿನ್ನೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೊರಟಿದ್ದೀನಿ ಅಂತ ಮೆಸೇಜ್ ಹಾಕಿದ್ದಾನೆ.